ಸಿಳ್ಳೆ ಇಳಿಯುವ ಹೊತ್ತು

…ನಗಬೇಡಿ ಡಾಕ್ಟ್ರಮ್ಮ, ನಗಬೇಡಿ ಅಂದೆ! ನೀವು ನಕ್ಕರೆ ಕುರ್ಚಿ ಅಲುಗುತ್ತೆ, ಕುರ್ಚಿ ಅಲುಗಿದರೆ ನೆಲ, ನೆಲ ಅಲುಗಿದರೆ ಈ ಮೇಜು, ಮೇಜು ಅಲುಗಿದರೆ ನನ್ನ ಗಾಜಿನ ಸೂಜಿ. ಅಲ್ಲಿಗೆ ಈ ಬಟ್ಟಲಿನ ಉಪ್ಪುನೀರಲ್ಲಿ ಹಾಯಾಗಿ ಮಲಗಿರೋ ಕಪ್ಪೆಯ ಒಳಗಿವಿ ಚಿಂದಿ! ಆಮೇಲೆ ನೀವು ಕೆಳಗೆ ಹೋಗಿ ಎಲ್ಲರ ಮುಂದೆ, 'ಪಾಪ, ಅಂಬ್ರೋಜೊ ಮಾವನ ಕೈ ನಡುಗಿಬಿಡ್ತು' ಅಂತೀರಿ. ನನ್ನ ಕೈ! ಈ ಕೈ ಜನ್ಮದಲ್ಲಿ ನಡುಗಿದ್ದು ಒಂದೇ ಸಲ, ಜೆಮ್ಮಾಳ ಬೆರಳಿಗೆ ಮದುವೆ ಉಂಗುರ ತೊಡಿಸುವಾಗ. ಅದೂ ಭಯಕ್ಕಲ್ಲ. ಮುಂದೆ ಏನು ಕಾದಿದೆ ಅಂತ ನನಗಿಂತ ಮೊದಲೇ ಕೈಗೆ ಗೊತ್ತಾಗಿತ್ತು.

ಬಾಗಿಲ ಚಿಲಕ ಹಾಕಿದೀರಲ್ಲ? ಸರಿ. ಷರತ್ತು ನೆನಪಿದೆ ತಾನೆ? ಗೊತ್ತೇ ಇಲ್ಲ ಅನ್ನೋ ಮುಖ ಮಾಡಬೇಡಿ, ಇಡೀ ಕ್ಯಾಂಟೀನು ಸಾಕ್ಷಿ. ಆ ಎರ್ಮೆಸ್, ಮೊನ್ನೆ ಮೊನ್ನೆ ಪದವಿ ಮುಗಿಸಿ ಬಂದ ಹುಡುಗ, ಅನ್ನ ಅಗಿಯುತ್ತಾ ಏನಂದ? 'ಮಾವ, ಇನ್ನು ಸೂಜಿ ಕುರ್ಚಿ ನನಗಂತೆ, ನೀವು ನೆಲಮಾಳಿಗೆಯಲ್ಲಿ ಕಪ್ಪೆ ತೊಟ್ಟಿ ನೋಡಿಕೊಳ್ತೀರಂತೆ.' ಬಾಯಲ್ಲಿ ಹುರಿದ ಕಪ್ಪೆಕಾಲು ಇಟ್ಟುಕೊಂಡೇ ಅಂದ! ನೀವು ಎದುರಿಗೇ ಇದ್ರಿ. ತಟ್ಟೆಯೊಳಗೆ ಏನೋ ಹುಡುಕ್ತಾ ಇದ್ರಿ. ಆಗ ನಾನು ಎದ್ದು ನಿಂತೆ. ಎದ್ದು ನಿಂತು ಏನು ಘೋಷಿಸಿದೆ? 'ಡಾಕ್ಟರ್ ಫಿಯೊರೆಂಜಾ ಒಬ್ಬರೇ ಬಂದು ನನ್ನ ಎದುರಿಗೆ ಕೂರಲಿ. ಯಂತ್ರದ ಪರದೆ ಅವರ ಕಡೆ, ಸೂಜಿ ನನ್ನ ಕಡೆ. ಅವರು ತುಟಿ ಪಿಟಕ್ಕನ್ನಬಾರದು. ಸೂಜಿ ಕೋಶದೊಳಗೆ ಇಳಿದ ಗಳಿಗೆಯನ್ನು ನಾನು ಬರೀ ಕಿವಿಯಿಂದ ಹೇಳ್ತೀನಿ. ತಪ್ಪಿದರೆ ನಾಳೆಯಿಂದಲೇ ತೊಟ್ಟಿ ತಿಕ್ಕೋಕೆ ನಾನು ತಯಾರು. ಹೇಳಿದರೆ, ನಾನು ಬದುಕಿರೋ ತನಕ ಈ ಕುರ್ಚಿಯಲ್ಲಿ ಬೇರೆಯವರು ಕೂರಬಾರದು!' ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅಡುಗೆಯವಳು ಸೌಟು ಬಡಿದಳು.

ಹಾಗಾಗಿ ಬಾಯಿ ಮುಚ್ಚಿಕೊಂಡಿರಿ. ಮುಖ ಹೇಗೆ ಬೇಕಾದರೂ ಇಟ್ಟುಕೊಳ್ಳಿ, ಅದಕ್ಕೆ ಷರತ್ತಿಲ್ಲ. ನಗೋದಕ್ಕೆ ಮಾತ್ರ… ಹೂಂ, ಅಷ್ಟು ನಗಬಹುದು. ತುಟಿಯಂಚಲ್ಲಿ. ಅದು ನಿಮಗೆ ಚೆನ್ನಾಗಿಯೂ ಕಾಣುತ್ತೆ.

ಏನು ನೋಡ್ತೀರಿ ಹಾಗೆ? 'ನೀವು' ಅಂತಿದೀನಿ ಅಂತಲಾ? ಮತ್ತೆ? ಬಾಗಿಲ ಮೇಲೆ ನಿಮ್ಮ ಹೆಸರಿನ ಹಿತ್ತಾಳೆ ಹಲಗೆ ಬಂತಲ್ಲ, ಅವತ್ತಿನಿಂದ ಬಹುವಚನ. ಮೊದಲಾದರೆ 'ಏ ಹುಡುಗಿ, ಕಾಫಿ ತಾ' ಅಂತಿದ್ದೆ. ಈಗ ಹಿತ್ತಾಳೆಗೆ ಗೌರವ ಕೊಡಬೇಕಲ್ಲ.

ಆಯ್ತು, ಸಿಳ್ಳೆ ಪೆಟ್ಟಿಗೆಯ ಸ್ವಿಚ್ ಹಾಕ್ತೀನಿ. ಇಗೋ… ಹಹ್ಹಾ! ಹುಣಸೆಕಾಯಿ ಕಚ್ಚಿದ ಹಾಗಾಯ್ತು ನಿಮ್ಮ ಮುಖ! ಹಾಡ್ತಿದೆ ಅಂತಾಯ್ತು. ಆಹಾ, ಎಂಥಾ ಸಿಳ್ಳೆ. ನಮ್ಮ ಪ್ರೊಫೆಸರ್ ಬೆಲ್ಲೊಟ್ಟಿ, ದೇವರು ಅವರಿಗೆ ಒಳ್ಳೇದು ಮಾಡಲಿ, ತಮ್ಮ ಕೈಯಾರೆ ಸ್ವರ ಕೂಡಿಸಿ ಆ ಗುಂಡಿಗೆ ಅರಗು ಹಾಕಿಟ್ಟು ಹೋದ ಪೆಟ್ಟಿಗೆ ಇದು. ಎರ್ಮೆಸ್‌ಗೆ ಇದು ಬಹಳ ಕೀಚಲಂತೆ, ತಲೆಯಲ್ಲಿ ಬೈರಿಗೆ ಹಾಕಿ ಕೊರೆದ ಹಾಗಾಗುತ್ತಂತೆ. 'ಸ್ವಲ್ಪ ಇಳಿಸೋಣ ಮಾವ, ನಿಮಗೂ ಹಿತ' ಅಂದ. ನನಗೂ ಹಿತ! ಏನರ್ಥ ಆ ಮಾತಿಗೆ? ನಾನು ಅರಗು ಮುಟ್ಟೋಕೆ ಬಿಡಲಿಲ್ಲ. ನಿನ್ನ ತಲೆ ಇಳಿಸಿಕೋ, ಬೆಲ್ಲೊಟ್ಟಿಯವರ ಸ್ವರ ಇಳಿಸಬೇಡ ಅಂದೆ.

ನಿಮ್ಮ ಮೊದಲ ದಿನ ನೆನಪಿದೆಯಾ? ಸಾಲಾಗಿ ಸೂಜಿ ಮುರಿದು, ಆ ಕಿಟಕಿಯ ಹತ್ರ ನಿಂತು ಮೂಗು ಒರೆಸಿಕೊಳ್ತಾ ಇದ್ದವರು ಯಾರು? ನಾನಾ? ಆಗ ನಾನೇನು ಹೇಳಿದೆ? 'ಹುಡುಗಿ, ಕಣ್ಣು ನಂಬಬೇಡ. ಕಪ್ಪೆಯ ಕಿವಿಯಲ್ಲಿ ಒಂದು ಸಣ್ಣ ಹಾಸಿಗೆ ಇದೆ, ಆ ಹಾಸಿಗೆ ತುಂಬಾ ಕೂದಲು ಕೋಶಗಳು, ಒಂದೊಂದರ ತಲೆ ಮೇಲೂ ಒಂದು ಜುಟ್ಟು. ಜುಟ್ಟು ಇತ್ತ ವಾಲಿದರೆ ಒಳಗೆ ವಿದ್ಯುತ್ತು ಏರುತ್ತೆ, ಅತ್ತ ವಾಲಿದರೆ ಇಳಿಯುತ್ತೆ. ಪ್ರಪಂಚದಲ್ಲಿ ಕೇಳಿಸೋದು ಅಂದ್ರೆ ಇಷ್ಟೇ, ಜುಟ್ಟು ವಾಲೋದು. ಅದನ್ನ ಅಳೀಬೇಕಾದರೆ ಸೂಜಿ ಕೋಶದ ಹೊಟ್ಟೆಯೊಳಗೆ ಹೋಗಬೇಕು. ಹೊರಗಿದ್ದಷ್ಟು ಹೊತ್ತು ಪೆಟ್ಟಿಗೆ ಒಂದೇ ಸಮ ಸಿಳ್ಳೆ ಹಾಕ್ತಿರುತ್ತೆ. ಒಳಗೆ ಹೋದ ಕ್ಷಣ ಸಿಳ್ಳೆ ಕುಸಿಯುತ್ತೆ, ದಣಿದವನು ಕುರ್ಚಿಗೆ ಒರಗಿ ಉಸಿರು ಬಿಟ್ಟ ಹಾಗೆ. ಅಲ್ಲಿ ಕೈ ನಿಲ್ಲಿಸು. ಒಂದು ಕೂದಲೆಳೆ ಮುಂದೆ ಹೋದರೆ ಕೋಶ ಸತ್ತಿತು.' ನೀವು ಕಣ್ಣು ಮುಚ್ಚಿ ಕೇಳಿದ್ರಿ. ಕೇಳಿ, ಹಿಡಿದ್ರಿ! ಆಮೇಲೆ ಕುಣಿದು ಮೇಜು ಅಲುಗಿಸಿ ಅದನ್ನ ಕೊಂದ್ರಿ, ಅದು ಬೇರೆ ಮಾತು.

ಈ ಸೂಜಿ ನೋಡಿ. ನೋಡೋಕೆ ಆಗಲ್ಲ, ಆದರೂ ನೋಡಿ. ನಿನ್ನೆ ನಾನೇ ಗಾಜು ಕಾಯಿಸಿ ಎಳೆದದ್ದು. ಇದರ ತುದಿ ಎಷ್ಟು ಸಣ್ಣ ಗೊತ್ತಾ? ಹೋದ ಬೇಸಿಗೆ ತಿಚಿನೊ ಹೊಳೆಯಿಂದ ಬಂದ ಸೊಳ್ಳೆಯೊಂದಕ್ಕೆ ಇಂಥದೇ ಸೂಜಿಯಿಂದ ಚುಚ್ಚಿ ರಕ್ತ ತೆಗೆದೆ. ಅದಕ್ಕೆ ಗೊತ್ತೇ ಆಗಲಿಲ್ಲ! ಯಾರ ರಕ್ತ ಅಂತ ನೋಡಿದರೆ ನಂದೇ. ಹಾಗಾಗಿ ನನ್ನ ಸ್ವತ್ತು ನನಗೆ ವಾಪಸ್ ಬಂತು… ಯಾಕೆ ಕಣ್ಣು ತಿರುಗಿಸ್ತೀರಿ? ಸುಳ್ಳಾದರೆ ಸೊಳ್ಳೆಯನ್ನೇ ಕೇಳಿ.

ಈಗ ಇಳಿಸ್ತಾ ಇದೀನಿ. ದೊಡ್ಡ ತಿರುಪು ಮೊದಲು. ಮೈಕ್ರೋಸ್ಕೋಪಿನಲ್ಲಿ ಕಾಣ್ತಾ ಇದೆ… ನೀರು ಮುಟ್ಟಿತು… ಬಾ ಕಂದಾ ಬಾ… ಹಾಸಿಗೆ ಕಾಣ್ತಿದೆ, ಜುಟ್ಟುಗಳೆಲ್ಲ ಗದ್ದೆಯ ಪೈರಿನ ಹಾಗೆ ನಿಂತಿವೆ. ಕಪ್ಪೆಯದೇನು ಪುಣ್ಯ ಅಂತೀನಿ! ಗದ್ದೆ ಕೆಸರಲ್ಲಿ ಹುಟ್ಟಿ, ಹೋಟೆಲಿನವನ ಬಾಣಲೆಗೋ ನಮ್ಮ ಬಟ್ಟಲಿಗೋ ಬೀಳೋ ಪ್ರಾಣಿ. ಅದಕ್ಕೆ ಒಂದು ಜುಟ್ಟು ಸತ್ತರೆ ಆ ಜಾಗದಲ್ಲಿ ಇನ್ನೊಂದು ಚಿಗುರುತ್ತೆ. ಮನುಷ್ಯನಿಗೆ? ಬಿಷಪ್ಪನಿಗೆ? ಮಂತ್ರಿಗೆ? ಯೂನಿವರ್ಸಿಟಿಯ ಕುಲಪತಿಗೆ? ಒಂದು ಹೋದರೆ ಹೋಯ್ತು, ಮತ್ತೆ ಬರಲ್ಲ. ದೇವರು ಹಂಚುವಾಗ ಪಟ್ಟಿ ತಲೆಕೆಳಗಾಗಿ ಹಿಡಿದಿದ್ದ ಅಂತ ಕಾಣುತ್ತೆ.

ಹೂಂ? ಏನದು ಹುಬ್ಬು? ನನ್ನ ಕಿವಿಯ ಬಗ್ಗೆ ಯೋಚಿಸ್ತಾ ಇದೀರಾ? ಜೆಮ್ಮಾ ಏನಾದರೂ ಹೇಳಿದಳಾ? ಅವಳ ಮಾತು ಕಟ್ಟಿಕೊಳ್ಳಬೇಡಿ. ಟಿವಿ ಅರಚುತ್ತೆ, ಅಕ್ಕಪಕ್ಕದವರು ಗೋಡೆ ಗುದ್ದುತ್ತಾರೆ ಅಂತಾಳೆ. ವಯಸ್ಸಾಗ್ತಾ ಆಗ್ತಾ ಅವಳ ಕಿವಿ ನಾಜೂಕಾಗಿದೆ, ಅಷ್ಟೇ. ನನ್ನ ಕಿವಿಗೆ ಏನೂ ಆಗಿಲ್ಲ. ಏನಾದರೂ ಆಗಿದ್ದರೆ ಅದು ಗದ್ದೆಗಳಿಗೆ! ಔಷಧಿ ಹೊಡೆದು ಹೊಡೆದು ಎಲ್ಲಾ ಸಾಯಿಸಿಬಿಟ್ಟಿದಾರೆ ನೋಡಿ. ಈ ವರ್ಷ ಒಂದು ಜೀರುಂಡೆ ಕೂಗಲಿಲ್ಲ. ಹೋದ ವರ್ಷವೂ ಇಲ್ಲ. ಪಾವಿಯಾ ಸುತ್ತ ಒಂದಾದರೂ ಜೀರುಂಡೆ…

ಏನು?

ಯಾಕೆ ಹಾಗೆ ನೋಡ್ತೀರಿ? ನಿಮ್ಮ ಮನೆ ಹತ್ರ ಕೂಗ್ತಾವಾ? ರಾತ್ರಿಯೆಲ್ಲಾನಾ? …ಹಾಂ, ಇರಬಹುದು. ನಿಮ್ಮ ಕಡೆ ಔಷಧಿ ಹೊಡೆಯೋರು ಸೋಮಾರಿಗಳು.

ಹೋಗಲಿ, ತೊರಿನೊದಿಂದ ಬಂದಿದ್ದ ಮಹಾಶಯನ ಕಥೆ ಹೇಳ್ತೀನಿ. ನೀವಾಗ ಇನ್ನೂ ಶಾಲೆಗೆ ಹೋಗ್ತಿದ್ರಿ. ಸೂಜಿ ತಾನಾಗಿ ಕೆಳಗೆ ಇಳೀತಿದೆ, ಹೊತ್ತಿದೆ. ಅವನು ಬಂದದ್ದು ರೇಷ್ಮೆ ಟೈ ಕಟ್ಟಿಕೊಂಡು, ಎರಡು ಪೆಟಾರಿ ತುಂಬಾ ಯಂತ್ರ ಹೊತ್ತುಕೊಂಡು. ಪೂರ್ತಿ ಕಪ್ಪೆಯನ್ನ ಮಲಗಿಸಿ, ಅದರ ಕಿವಿಗೆ ರಬ್ಬರ್ ಕೊಳವೆ ಇಟ್ಟು, ಸ್ಪೀಕರಿನಿಂದ ಅದರೊಳಗೆ ಸ್ವರ ಊದಿ, 'ನೋಡಿ, ಕೋಶದ ಉತ್ತರ ನೋಡಿ' ಅಂದ. ಪರದೆ ಮೇಲೆ ಹಸಿರು ಗೆರೆ ಕುಣೀತು, ಅಬ್ಬಬ್ಬಾ! ಸ್ವರ ಏರಿದರೆ ಗೆರೆಯೂ ಏರೋದು, ಸ್ವರ ನಿಂತರೆ ಗೆರೆಯೂ ನಿಲ್ಲೋದು. ಅಷ್ಟು ಶುದ್ಧವಾದ ಉತ್ತರವನ್ನ ಯಾರೂ ಕಂಡಿರಲಿಲ್ಲ. ಬೆಲ್ಲೊಟ್ಟಿಯವರೇ ಕನ್ನಡಕ ಒರೆಸಿ ಒರೆಸಿ ನೋಡಿದ್ರು. ಲೇಖನ ಅಚ್ಚಿಗೆ ಕಳಿಸೋದೊಂದು ಬಾಕಿ. ಆ ಹೊತ್ತಿಗೆ ನಾನು ಕಾಫಿ ತಟ್ಟೆ ಹಿಡಿದು ಒಳಗೆ ಬಂದೆ. ಬಾಗಿಲಲ್ಲೇ ನಿಂತೆ. ಕಾಫಿ ತಣ್ಣಗಾಯ್ತು, ನಾನು ನಿಂತೇ ಇದ್ದೆ. 'ಏನಯ್ಯಾ ಅಂಬ್ರೋಜೊ?' ಅಂದ್ರು ಪ್ರೊಫೆಸರು. 'ಸಿಳ್ಳೆ ಇಳಿದೇ ಇಲ್ಲವಲ್ಲ ಸ್ವಾಮಿ' ಅಂದೆ. 'ಸೂಜಿ ಯಾವ ಕೋಶದ ಒಳಗೂ ಇಲ್ಲ.'

ಆ ಮಹಾಶಯ ನನ್ನನ್ನ ನೋಡಿದ ನೋಟ! ಸೂಪಿನಲ್ಲಿ ಬಿದ್ದ ಗುಂಡಿಯನ್ನ ನೋಡೋ ಹಾಗೆ. ನಾನು ಹೋಗಿ ರಬ್ಬರ್ ಕೊಳವೆಯನ್ನ ಎರಡು ಬೆರಳಲ್ಲಿ ಹಿಚುಕಿ ಹಿಡಿದೆ. ಒಳಗೆ ಇನ್ನು ಸ್ವರ ಹೋಗೋ ಹಾಗಿಲ್ಲ. ಗೆರೆ? ಕುಣೀತಾನೇ ಇದೆ! ಸ್ಪೀಕರಿನ ತಂತಿಯಿಂದ ಸೂಜಿಯ ತಂತಿಗೆ ನೇರವಾಗಿ ಹಾರ್ತಾ ಇತ್ತು ಡಾಕ್ಟ್ರಮ್ಮ, ತಂತಿ ತಂತಿ ಜೊತೆ ಹರಟೆ ಹೊಡೀತಿತ್ತು. ಕಪ್ಪೆ? ಅದು ಬೆಳಿಗ್ಗೆಯೇ ತೀರಿಕೊಂಡಿತ್ತು. ಸತ್ತ ಕಿವಿಯಿಂದ ಅಷ್ಟು ಚೆಂದದ ಉತ್ತರ! ಜೀವ ಇರೋ ಕಿವಿಯಾದರೆ ದಣೀತದೆ, ತಡವರಿಸ್ತದೆ. ಇದು ಒಂದು ಸಲವೂ ತಪ್ಪಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು ಎಲ್ಲರಿಗೂ. ಆ ಸಂಜೆ ಬೆಲ್ಲೊಟ್ಟಿಯವರು ನನ್ನ ಹೆಗಲ ಮೇಲೆ ಕೈ ಹಾಕಿ ಈ ಕುರ್ಚಿ ತೋರಿಸಿದ್ರು. 'ನಾಳೆಯಿಂದ ಇಲ್ಲಿ ಕೂತ್ಕೋ' ಅಂದ್ರು. ಕಾಫಿ ತರುವವನು ಸೂಜಿ ಹಿಡಿದ ಕಥೆ ಅದು.

ನಿಮಗೆ ಇದು ಕುರ್ಚಿ. ಎರಡು ಕಾಲು ಕುಂಟು, ಚರ್ಮ ಹರಿದಿದೆ, ಬೇಕಾದರೆ ಎರ್ಮೆಸ್‌ಗೆ ಹೊಸದೇ ತರಿಸಬಹುದು. ನನಗೆ… ಬಿಡಿ. ನೆಲಮಾಳಿಗೆಯ ಕಪ್ಪೆಗಳಿಗೆ ನನ್ನ ಕಥೆ ಹೇಳಿದರೆ ಅವು ನೀರಿಗೆ ಹಾರುತ್ತವೆ. ನೀವಾದರೂ ಕೂತು ಕೇಳ್ತೀರಿ.

ಆಯ್ತು! ಹಾಸಿಗೆ ಮುಟ್ಟಿತು. ಇನ್ನು ಮೈಕ್ರೋಸ್ಕೋಪಿನಿಂದ ಉಪಯೋಗ ಇಲ್ಲ, ಇನ್ನು ಸಣ್ಣ ತಿರುಪು. ಒಂದೊಂದೇ ಹಲ್ಲು. ಈಗ ನೋಡಿ, ಪಾದ್ರಿ ಎಜಿದಿಯೊ ಪ್ರಾರ್ಥನೆಗೆ ಕೂತ ಹಾಗೆ ನಾನು ಕಣ್ಣು ಮುಚ್ಚಿಬಿಡ್ತೀನಿ. ಇಡೀ ಪ್ರಪಂಚ ಹೊರಗೆ. ನಾನು, ಸಿಳ್ಳೆ, ಅಷ್ಟೇ. ಒಂದು… ಹಾಡ್ತಿದೆ, ಹಾಡ್ತಿದೆ… ಇನ್ನೊಂದು…

ಆ ಕೂದಲನ್ನ ಕಿವಿ ಹಿಂದೆ ಸಿಕ್ಕಿಸಿಕೊಳ್ಳಿ ಡಾಕ್ಟ್ರಮ್ಮ, ಮುಖದ ಮೇಲೆ ಬೀಳ್ತಿದೆ.

ಏನು? ಹೌದು, ಮುಚ್ಚಿದೀನಿ! ಪೂರ್ತಿ ಮುಚ್ಚಿದೀನಿ. ರೆಪ್ಪೆ ಸ್ವಲ್ಪ ಸಡಿಲ, ವಯಸ್ಸಾಯ್ತಲ್ಲ. ಒಂದು ಹಲ್ಲು… ಈ ಕೋಶಗಳು ಭಾರಿ ಜಾಣೆಯರು. ಸೂಜಿ ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ, ದಾರಿ ಬಿಡೋ ಹಾಗೆ. ಒಮ್ಮೆ ಒಂದು ಕೋಶವನ್ನ ಹಿಡಿದಿದ್ದೆ ನೋಡಿ, ಬೆಳಗಿನ ಕಾಫಿಯಿಂದ ಸಂಜೆಯ ಬಾರ್ಬೆರಾ ವೈನ್ ತನಕ ಬಿಡಲಿಲ್ಲ. ಮಧ್ಯೆ ಎಜಿದಿಯೊ ಚರ್ಚಿನ ಗಂಟೆ ಶುರುವಾಯ್ತು, ಈ ಗೋಡೆಯ ಸುಣ್ಣ ಉದುರೋ ಹಾಗೆ ಹೊಡೆದ. ಗಂಟೆಯ ಒಂದೊಂದು ಏಟಿಗೂ ನಾನು ಸೂಜಿಯನ್ನ ಹಿಂದೆ ಮುಂದೆ ತೂಗಿದೆ, ತೊಟ್ಟಿಲು ತೂಗೋ ಹಾಗೆ. ಕೋಶಕ್ಕೆ ನಿದ್ದೆ ಬಂತು. ನಿಜವಾಗ್ಲೂ! ಪರದೆಯಲ್ಲಿ ಗೊರಕೆ ಕಾಣ್ತಾ…

ಹಾ! ಇಳಿ…!

…

…ಇಳಿಯುತ್ತೆ. ಇನ್ನೇನು ಇಳಿಯುತ್ತೆ ಅಂತ ಹೇಳೋಕೆ ಹೊರಟೆ. ನೀವು ಯಾಕೆ ಆ ಥರ ಬಾಯಿ ತೆರೆದಿದ್ದು? ಸೀನು ಬಂತಾ? ಸೀನೋದಾದರೆ ಮೊದಲೇ ಹೇಳಬಾರದಾ… ಹೌದು, ಮಾತಾಡಬಾರದು ಅಂದೆ. ಕೈಯನ್ನಾದರೂ ಎತ್ತಬಹುದಿತ್ತು. ಮುಖದ ಮೇಲೆ ಅಂಥ ಆಟ ಆಡಿಸಿದರೆ ಮನುಷ್ಯ ಮೋಸ ಹೋ… ಗಮನ ಹೋಗುತ್ತೆ ಅಂದೆ. ಗಮನ.

ಬನ್ನಿ, ಮುಂದುವರಿಸೋಣ. ಕಣ್ಣು ಮುಚ್ಚಿದೆ. ಒಂದು ಹಲ್ಲು.

ಏನದು, ಇದ್ದಕ್ಕಿದ್ದ ಹಾಗೆ ಕಲ್ಲಿನ ಬೊಂಬೆ ಆಗಿಬಿಟ್ರಿ? ಹುಬ್ಬು ಇಲ್ಲ, ತುಟಿ ಇಲ್ಲ… ಇಷ್ಟು ಹೊತ್ತು ಎಷ್ಟು ಚೆನ್ನಾಗಿ ನಗ್ತಾ ಇದ್ರಿ. ಕಥೆ ಸಪ್ಪೆಯಾಯ್ತಾ? ಇನ್ನೊಂದು ಹೇಳ್ತೀನಿ. ಎರ್ಮೆಸ್ ಒಂದು ಸಲ ಕಪ್ಪೆ ಅಂತ ತಿಳಿದು… ಇಲ್ಲ, ಇದು ಬೇಡ, ಇದು ಹೆಣ್ಣುಮಕ್ಕಳ ಮುಂದೆ ಹೇಳೋದಲ್ಲ. ನೋಡಿ, ಹೇಳಲ್ಲ ಅಂದರೂ ನಗಲಿಲ್ಲ! ಹಿತ್ತಾಳೆ ಹಲಗೆ ಬಾಗಿಲ ಮೇಲೆ ಮಾತ್ರ ಅಂದುಕೊಂಡಿದ್ದೆ, ಮುಖದ ಮೇಲೂ ಹೊಡೆಸಿಕೊಂಡ್ರಾ?

ಒಂದು ಹಲ್ಲು… ಹಾಡ್ತಿದೆ. ಚೆನ್ನಾಗಿ ಹಾಡ್ತಿದೆ.

ಅರೆ, ಎಲ್ಲಿಗೆ? ಯಾಕೆ ಎದ್ರಿ? ಬಾಗಿಲಿಗಾ? …ಓ, ಕುರ್ಚಿ ತಿರುಗಿಸ್ತಾ ಇದೀರಾ. ಕಿಟಕಿ ಕಡೆ. ಅಲ್ಲಿ ಏನಿದೆ ನೋಡೋಕೆ? ಮಂಜು! ಈ ಊರಲ್ಲಿ ಹುಟ್ಟಿದವರಿಗೆ ಮಂಜು ಹೊಸದಾ? ಪರದೆ ಇರೋದು ಈ ಕಡೆ. ನೀವು ಪರದೆ ನೋಡಬೇಕು, ಷರತ್ತಿನಲ್ಲಿದೆ… ಷರತ್ತಿನಲ್ಲಿ ಇಲ್ಲವಾ? ಬೆಳಕು ಕಣ್ಣಿಗೆ ಹೊಡೀತದೆ, ಈ ಕಡೆ ತಿರುಗಿ.

ತಿರುಗಿ ಡಾಕ್ಟ್ರಮ್ಮ.

ಬೆನ್ನು ತೋರಿಸಿ ಕೂರೋದಾ? ಹಿರಿಯರಿಗೆ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ನಾನು ನಿಮಗೆ ಸೂಜಿ ಎಳೆಯೋದು ಕಲಿಸಿದೆ, ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚಿದೆ, ಬೆಲ್ಲೊಟ್ಟಿಯವರು ಗದರಿದಾಗ ನಿಮ್ಮ ಪರವಾಗಿ… ಸರಿ. ಸರಿ, ಕೂತಿರಿ. ನನಗೇನು? ನನಗೆ ನಿಮ್ಮ ಮುಖ ಯಾತಕ್ಕೆ ಬೇಕು? ನಾನು ಕಿವಿಯಿಂದ ಕೆಲಸ ಮಾಡುವವನು. ಪಾವಿಯಾದಿಂದ ಮಿಲಾನೊ ತನಕ ಇಂಥ ಕಿವಿ ಇಲ್ಲ. ರೈಲು ಹೊರಡೋಕೆ ಮುಂಚೆ ಹಳಿ ನನಗೆ ಹೇಳ್ತದೆ. ಗೋಡೆ ಆಚೆ ಇರುವೆ ಕೆಮ್ಮಿದರೆ ನನಗೆ… ನಗಿ! ಇರುವೆ ಕೆಮ್ಮಿದ್ದಕ್ಕೂ ನಗಲ್ವಾ?

ಒಂದು ಹಲ್ಲು.

ಇನ್ನೊಂದು.

ಈಗ ಬಹಳ ಹತ್ತಿರ ಇದೆ. ಇಲ್ಲೇ ಎಲ್ಲೋ. ಗೋಡೆ ಮುಟ್ಟಿರಬೇಕು. ಕೋಶದ ಗೋಡೆ ಮುಟ್ಟಿದರೆ ಸಿಳ್ಳೆ ಒಂಚೂರು ನಡುಗುತ್ತೆ, ಆಮೇಲೆ… ನಡುಗ್ತಾ? ಅಂದ್ರೆ, ನಡುಗ್ತು. ನನಗೆ ಗೊತ್ತಾಯ್ತು. ನಿಮಗೂ ಗೊತ್ತಾಯ್ತು ಅಲ್ವಾ? ಅಲ್ವಾ ಅಂದೆ.

ಫಿಯೊರೆಂಜಾ.

ನೋಡು, ಮುಂದೆ ಹೋದರೆ ಕೋಶ ಸಾಯುತ್ತೆ. ಒಳಗೆ ಹೋಗಿಬಿಟ್ಟಿದ್ದರೆ ಈಗಲೇ ಕೈ ನಿಲ್ಲಿಸಬೇಕು, ಹೋಗಿಲ್ಲ ಅಂದ್ರೆ ಇನ್ನೊಂದು ಹಲ್ಲು. ನೀನೇ ಎಷ್ಟು ಹೊತ್ತು ಕೂತು ತಯಾರು ಮಾಡಿದ ಕಿವಿ ಇದು… ನಾನು ನಿನ್ನ ಕೇಳ್ತಾ ಇಲ್ಲ! ಕಪ್ಪೆ ಮೇಲಿನ ಕರುಣೆಯಿಂದ ಮಾತಾಡ್ತಾ ಇದೀನಿ. ಷರತ್ತು ಗಿರತ್ತು ಕ್ಯಾಂಟೀನಿನ ಮಾತು ಮಗಳೇ, ಅನ್ನ ತಿನ್ನುವಾಗ ಯಾರು ಏನು ಬೇಕಾದರೂ ಹೇಳ್ತಾರೆ. ಮಾತಾಡು, ನಾನೇ ಒಪ್ಪಿಗೆ ಕೊಡ್ತಾ ಇದೀನಿ.

ಬೆರಳು ತಿರುಪಿನ ಮೇಲಿದೆ. ತಿರುಗಿಸಲಾ?

ಬಾಯಿ ಬೇಡ. ತಲೆ ಆಡಿಸು ಸಾಕು. ಈ ಕಡೆ ತಿರುಗದೆಯೇ ಆಡಿಸು, ಹಿಂದಿನಿಂದಲೂ ಕಾಣುತ್ತೆ ನನಗೆ.

…ಇಳೀತಾ, ಮಗಳೇ?